ಮೂವತ್ತು-ನಲವತ್ತರ ಮನೆಗೂ ಇಂಧನ ಸಂಹಿತೆ: ಮಾಳಿಗೆಯಿಂದ ಶುರು ಮಾಡಿದ ನನ್ನ ಅನುಭವ

ಹುಬ್ಬಳ್ಳಿ-ಧಾರವಾಡದಲ್ಲಿ ಮನೆಗಳ ಪ್ಲಾನ್ ಮಾಡಿ, ಕಾರ್ಪೊರೇಷನ್ನಿನಿಂದ ಮಂಜೂರಿ ತಂದು, ನಿಂತು ಕಟ್ಟಿಸಿ ಕೊಡುವುದು ನನ್ನ ಉದ್ಯೋಗ. ಕೈಗೆ ಬರುವ ಕೆಲಸದಲ್ಲಿ ಹೆಚ್ಚಿನವು ಮೂವತ್ತು-ನಲವತ್ತರ ಪ್ಲಾಟುಗಳೇ. ಬ್ಯಾಂಕ್ ಸಾಲ, ಊರಲ್ಲಿ ಮಾರಿದ ಒಂದು ತುಂಡು ಹೊಲದ ರೊಕ್ಕ, ಇಬ್ಬರ ಪಗಾರ, ಇಷ್ಟರ ಮೇಲೆ ಎದ್ದು ನಿಲ್ಲುವ ಮನೆಗಳು. ಕೇಂದ್ರ ಸರ್ಕಾರದ ಇಂಧನ ಸಂಹಿತೆ ಇಂಥ ಮನೆಗಳನ್ನು ಮುಟ್ಟುವುದೇ ಇಲ್ಲ. ಮುಟ್ಟಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆ ಕೆಲಸ ಮಾಡುವ ಅಧಿಕಾರ ರಾಜ್ಯದ ಕೈಯಲ್ಲಿದೆ. ಆ ಕಾನೂನು ಬರುವವರೆಗೆ ಕಾಯದೆ, ಸಂಹಿತೆಯಲ್ಲಿ ನಮ್ಮ ಊರಿಗೆ ಒಗ್ಗುವ ಭಾಗವನ್ನು ನನ್ನ ಪ್ಲಾನ್‌ಗಳಲ್ಲಿ ಹಾಕುತ್ತ ಬಂದಿದ್ದೇನೆ. ಅದನ್ನು ಹೇಗೆ ಮಾಡಿದೆ, ಎಲ್ಲಿ ಒಪ್ಪಿಗೆ ಸಿಕ್ಕಿತು, ಎಲ್ಲಿ ತಡೆ ಬಂತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಸ್ಥಿತಿ. ಇಂಧನ ಸಂರಕ್ಷಣಾ ಕಾಯ್ದೆ 2001ರದು. ಅದರಡಿ ವಾಣಿಜ್ಯ ಕಟ್ಟಡಗಳಿಗೆ 2007ರಲ್ಲಿ ಸಂಹಿತೆ ಬಂತು, 2017ರಲ್ಲಿ ಅದು ಪರಿಷ್ಕರಣೆಯಾಯಿತು. ವಾಸದ ಮನೆಗಳಿಗೆ ಅಂತ ಪ್ರತ್ಯೇಕವಾಗಿ ‘ಇಕೋ ನಿವಾಸ್ ಸಂಹಿತಾ’ ಬಂದದ್ದು 2018ರ ಡಿಸೆಂಬರಿನಲ್ಲಿ. ಗೋಡೆ, ಕಿಟಕಿ, ಮಾಳಿಗೆಯ (ಅಂದರೆ ಮನೆಯ ಛಾವಣಿಯ) ಮೂಲಕ ಎಷ್ಟು ಬಿಸಿ ಒಳಗೆ ಬರಬಹುದು, ಎಷ್ಟು ಗಾಳಿ-ಬೆಳಕು ಬರಲೇಬೇಕು ಎಂಬುದು ಅದರ ವಿಷಯ. ಆದರೆ ಅದು ಅನ್ವಯವಾಗುವುದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಿಗೆ. ನಮ್ಮ ಮೂವತ್ತು-ನಲವತ್ತು ಅಂದರೆ 1,200 ಚದರ ಅಡಿ, ಬರೀ 111 ಚದರ ಮೀಟರ್ ಚಿಲ್ಲರೆ. 2022ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದಿತು, 2023ರ ಜನವರಿ 1ರಿಂದ ಅದು ಜಾರಿಯಾಯಿತು. ಅಲ್ಲಿ ವಾಸದ ಕಟ್ಟಡಗಳೂ ಕಾಯ್ದೆಯ ವ್ಯಾಪ್ತಿಗೆ ಬಂದವು, ಆದರೆ ಜೋಡಿತ ಲೋಡ್ (ಕಟ್ಟಡದ ಎಲ್ಲ ಉಪಕರಣ ಸೇರಿ ಎಳೆಯುವ ವಿದ್ಯುತ್ತು) 100 ಕಿಲೋವ್ಯಾಟ್ ಅಥವಾ ಅದಕ್ಕೂ ಹೆಚ್ಚು ಇರುವ ಕಟ್ಟಡಗಳು ಮಾತ್ರ. ನಮ್ಮ ಕಡೆ ಒಂದು ಸಾಮಾನ್ಯ ಮನೆಗೆ ಹೆಸ್ಕಾಂನಿಂದ ತಗೊಳ್ಳುವುದು ಮೂರೋ ನಾಲ್ಕೋ ಕಿಲೋವ್ಯಾಟ್.

ಅದೇ ತಿದ್ದುಪಡಿಯಲ್ಲಿ ಇನ್ನೊಂದು ಮಾತಿದೆ, ನನಗೆ ಅದೇ ಮುಖ್ಯ. ಆ 100 ಕಿಲೋವ್ಯಾಟಿನ ಮಿತಿಯನ್ನು ರಾಜ್ಯ ಸರ್ಕಾರ ಬೇಕಾದರೆ ಕೆಳಗಿಳಿಸಬಹುದು. ಸಂಹಿತೆಯನ್ನು ಆಯಾ ಪ್ರದೇಶದ ಹವಾಮಾನಕ್ಕೆ ತಕ್ಕಂತೆ ಮಾರ್ಪಡಿಸುವ ಅಧಿಕಾರವಂತೂ ಮೂಲ ಕಾಯ್ದೆಯಲ್ಲೇ ರಾಜ್ಯಗಳಿಗಿದೆ. ಕಟ್ಟಡದ ಉಪವಿಧಿಗಳು ಹೇಗೂ ರಾಜ್ಯದವೇ: 1976ರ ಮಹಾನಗರ ಪಾಲಿಕೆಗಳ ಕಾಯ್ದೆ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, ಹಳ್ಳಿಗಳಲ್ಲಾದರೆ 1993ರ ಪಂಚಾಯತ್ ರಾಜ್ ಕಾಯ್ದೆ. ಹಾಗಾಗಿ ‘ದಿಲ್ಲಿಯವರು ಮಾಡಲಿ’ ಎಂದು ಕೂಡುವ ವಿಷಯ ಇದಲ್ಲ.

ಸಂಹಿತೆಯನ್ನು ಪೂರ್ತಿ ಓದಿ, ನಮ್ಮ ಊರಿನ ಮನೆಗೆ ಹಚ್ಚಿ ನೋಡಿದಾಗ ನನಗೆ ಎದ್ದು ಕಂಡದ್ದು ಮಾಳಿಗೆ. ಹುಬ್ಬಳ್ಳಿ ಇರುವುದು ಸುಮಾರು 15 ಡಿಗ್ರಿ ಅಕ್ಷಾಂಶದಲ್ಲಿ. ಮೇ ಮೊದಲ ವಾರ ಮಧ್ಯಾಹ್ನ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಆ ಹೊತ್ತಿಗೆ ಗೋಡೆಗಳ ಮೇಲೆ ಬಿಸಿಲು ಜಾರಿ ಹೋಗುತ್ತದೆ, ಸ್ಲ್ಯಾಬು ಮಾತ್ರ ಪೂರ್ತಿ ಬಿಸಿಲಿಗೆ ಮೈಕೊಟ್ಟು ಮಲಗಿರುತ್ತದೆ. ಒಂದೇ ಅಂತಸ್ತಿನ ಮನೆಗೆ ಬಿಸಿಯ ದೊಡ್ಡ ಪಾಲು ಬರುವುದು ಅಲ್ಲಿಂದಲೇ.

ನಮ್ಮೂರಿನ ಹವೆಯಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಏಪ್ರಿಲ್-ಮೇನಲ್ಲಿ ಹಗಲು ಎಷ್ಟೇ ಕಾದರೂ ಸಂಜೆಯಾಗುತ್ತಲೇ ಪಡುವಣ ಗಾಳಿ ಬೀಸುತ್ತದೆ, ರಾತ್ರಿ ಹೊರಗೆ ತಂಪು. ಧಾರವಾಡದ ಸಪ್ತಾಪುರದಲ್ಲಂತೂ ಬೇಸಿಗೆಯಲ್ಲೂ ಬೆಳಗಿನ ಜಾವ ಚಾದರ ಹೊದೆಯಬೇಕು. ಆದರೂ ಜನ ಒಳಗೆ ಮಲಗಲಾಗದೆ ಒದ್ದಾಡುತ್ತಾರೆ, ಯಾಕೆಂದರೆ ಒಲೆ ಆರಿಸಿದ ಮೇಲೂ ರೊಟ್ಟಿ ಹಂಚು ಕಾದೇ ಇರುವ ಹಾಗೆ ಸ್ಲ್ಯಾಬು ಹಗಲಿಡೀ ಕುಡಿದ ಬಿಸಿಯನ್ನು ಮಧ್ಯರಾತ್ರಿಯವರೆಗೂ ಕೆಳಗೆ ಬಿಡುತ್ತ ಇರುತ್ತದೆ. ಗುರಿಹಿಡಿದು ಉಷ್ಣತೆ ಅಳೆಯುವ ಕೈ ಥರ್ಮಾಮೀಟರ್ ನನ್ನ ಚೀಲದಲ್ಲಿ ಸದಾ ಇರುತ್ತದೆ. ಗೋಕುಲ ರಸ್ತೆ ಕಡೆಯ ಒಂದು ಮನೆಯಲ್ಲಿ ಏಪ್ರಿಲ್ ರಾತ್ರಿ ಒಂಬತ್ತರ ಸುಮಾರಿಗೆ ಹಿಡಿದು ನೋಡಿದಾಗ, ಅಂಗಳದ ಗಾಳಿಗಿಂತ ಬೆಡ್‌ರೂಮಿನ ಸ್ಲ್ಯಾಬಿನ ಕೆಳಮೈ ಹತ್ತು ಡಿಗ್ರಿಯಷ್ಟು ಹೆಚ್ಚು ಬಿಸಿಯಿತ್ತು. ಮನೆಯ ಯಜಮಾನರು ಎಸಿ ಎಲ್ಲಿ ಕೂಡಿಸಬೇಕು ಎಂದು ಕೇಳಲು ನನ್ನನ್ನು ಕರೆಸಿದ್ದರು.

ಸಂಹಿತೆ ಮಾಳಿಗೆಗೆ ಹಾಕಿರುವ ಮಿತಿ ಸರಳ: ಯು-ಮೌಲ್ಯ 1.2 ಮೀರಬಾರದು. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರಿನ ಮೂಲಕ ಎಷ್ಟು ವ್ಯಾಟ್ ಬಿಸಿ ದಾಟುತ್ತದೆ ಎಂಬ ಅಳತೆ ಅದು, ಕಡಿಮೆಯಾದಷ್ಟೂ ಒಳ್ಳೆಯದು. ನಮ್ಮಲ್ಲಿ ಎಲ್ಲರೂ ಹಾಕುವ ಐದಿಂಚಿನ ಆರ್‌ಸಿಸಿ ಸ್ಲ್ಯಾಬು, ಕೆಳಗೆ ಗಿಲಾವು, ಇಷ್ಟಕ್ಕೆ ಲೆಕ್ಕ ಹಾಕಿದರೆ 3.3ರ ಹತ್ತಿರ ಬರುತ್ತದೆ. ಅಂದರೆ ಮಿತಿಯ ಎರಡೂವರೆ ಪಟ್ಟಿಗೂ ಹೆಚ್ಚು. ಮೇಲೆ ನಾಲ್ಕಿಂಚು ಇಟ್ಟಂಗಿ ಚೂರಿನ ಕೋಬಾ ಹಾಕಿಸಿದರೆ 2.2ಕ್ಕೆ ಇಳಿಯುತ್ತದೆ. ‘ಕೋಬಾ ಹಾಕಿಸೀವಿ, ಮತ್ತ ಇನ್ನೇನ್ರಿ?’ ಅನ್ನುವವರಿಗೆ ನಾನು ಈ ಸಂಖ್ಯೆ ತೋರಿಸುತ್ತೇನೆ. ಕೋಬಾ ನೀರು ಹರಿಸಲು, ಸೋರದ ಹಾಗೆ ತಡೆಯಲು ಒಳ್ಳೆಯದು. ಬಿಸಿ ತಡೆಯಲು ಅದೊಂದೇ ಸಾಲದು.

ಹಳೆಯ ಮಾಳಿಗೆ ಮನೆಗಳ ಲೆಕ್ಕ ಹಾಕಿದಾಗ ನನಗೆ ನಿಜವಾಗಿ ಸಂತೋಷವಾಯಿತು. ನವಲಗುಂದ, ರೋಣ, ಗದಗ ಕಡೆ ತೊಲೆ-ಜಂತಿ-ಹಲಗೆಯ ಮೇಲೆ ಒಂದಡಿ ಮಣ್ಣು ಹಾಕಿ, ಮಳೆಗಾಲಕ್ಕೆ ಮುಂಚೆ ಹಾಳಮಣ್ಣು ಹರಡಿ ಬಡಿದು ಗಟ್ಟಿಮಾಡುವ (ಧಮ್ಮಸು ಹಾಕುವ) ಮಾಳಿಗೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಅವುಗಳ ಯು-ಮೌಲ್ಯ ಹೆಚ್ಚುಕಡಿಮೆ 1.2ರ ಆಸುಪಾಸಿಗೇ ಬರುತ್ತದೆ. ಯಾವ ಸಂಹಿತೆಯನ್ನೂ ನೋಡದ ನಮ್ಮ ಹಿರಿಯರು 2018ರ ಮಿತಿಯನ್ನು ಆಗಲೇ ಮುಟ್ಟಿದ್ದರು. ಮೇಲಾಗಿ ಬೆಳಕಿಂಡಿಯಿಂದ ಬಿಸಿಗಾಳಿ ಹೊರಗೆ ಹೋಗುತ್ತಿತ್ತು. ಆರ್‌ಸಿಸಿ ಬಂದಾಗ ನಾವು ಮಣ್ಣನ್ನು ತೆಗೆದೆವು, ಅದರ ಜಾಗಕ್ಕೆ ಏನನ್ನೂ ತರಲಿಲ್ಲ. ಹಿರಿಯ ಯಜಮಾನರಿಗೆ ಈ ವಿಷಯ ಹೇಳುವಾಗ ನಾನು ಸಂಹಿತೆಯ ಹೆಸರನ್ನೇ ಎತ್ತುವುದಿಲ್ಲ. ‘ಅಜ್ಜಾರ ಕಾಲದ ಮಾಳಗಿ ಎಷ್ಟ್ ತಂಪ ಇತ್ತು ನೆನಪೈತೇನ್ರಿ?’ ಎಂದರೆ ಸಾಕು, ಉಳಿದದ್ದನ್ನು ಅವರೇ ಹೇಳುತ್ತಾರೆ.

ಈಗ ನಾನು ಮಾಡುವ ಕ್ರಮ. ಸ್ಲ್ಯಾಬಿನ ಮೇಲೆ ಮೊದಲು ನೀರು ಹರಿಯುವ ಇಳಿಜಾರಿನ ಪದರ, ನೂರಕ್ಕೆ ಒಂದರಂತೆ. ಅದರ ಮೇಲೆ ವಾಟರ್‌ಪ್ರೂಫಿಂಗ್. ಅದು ಒಣಗಿದ ಮೇಲೆ ನೀರು ಕಟ್ಟಿ ಪರೀಕ್ಷೆ ಮಾಡಲೇಬೇಕು, ಇದರಲ್ಲಿ ರಾಜಿ ಇಲ್ಲ. ಆಮೇಲೆ ಎಕ್ಸ್‌ಪಿಎಸ್ ಹಲಗೆ, ಅಂದರೆ ಬಿಸಿ ತಡೆಯುವ ಗಟ್ಟಿ ಫೋಮ್ ಹಲಗೆ, ಕನಿಷ್ಠ 25 ಮಿಲಿಮೀಟರ್. ಅಂಚಿಗೆ ಮೆಟ್ಟಿಲು ಇರುವ ಹಲಗೆಗಳನ್ನೇ ತರಿಸುತ್ತೇನೆ. ಒಂದರ ಮೇಲೊಂದು ಕೂತು ಸಂದಿ ಬಿಡುವುದಿಲ್ಲ, ಸಾಲಿನಿಂದ ಸಾಲಿಗೆ ಸಂದಿ ತಪ್ಪಿಸಿ ಇಡಬೇಕು. ಮೇಲೆ ಒಂದು ಬಟ್ಟೆಯ ಪದರ ಹಾಸಿ, ಚಿಕನ್ ಮೆಶ್ ಇಟ್ಟು ಎರಡಿಂಚಿನ ಕಾಂಕ್ರೀಟು, ಅದನ್ನು ಚೌಕಗಳಾಗಿ ಕತ್ತರಿಸಿ ಸಂದಿ ತುಂಬಿಸುವುದು. ಕೊನೆಗೆ ಬಿಳಿ ಚೈನಾ ಟೈಲಿನ ಚೂರು. ಇಷ್ಟಾದರೆ ಯು-ಮೌಲ್ಯ 0.9ರ ಹತ್ತಿರ ಬರುತ್ತದೆ, ಬಿಳಿ ಮೈ ಬಿಸಿಲನ್ನು ಹಿಂದಕ್ಕೆ ಎಸೆಯುವ ಲಾಭ ಬೇರೆ.

ಎಕ್ಸ್‌ಪಿಎಸ್ ಸಿಗದ ಕಡೆ, ಹಾವೇರಿ ಜಿಲ್ಲೆಯ ಒಂದೆರಡು ಕೆಲಸಗಳಲ್ಲಿ, ನಾಲ್ಕಿಂಚಿನ ಎಎಸಿ ಬ್ಲಾಕುಗಳನ್ನು (ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಸಿಮೆಂಟ್ ಬ್ಲಾಕು) ಮಲಗಿಸಿ ಹಾಸಿದೆವು. ಲೆಕ್ಕದಲ್ಲಿ ಅದು 1.1ಕ್ಕೆ ಬಂದು ಮಿತಿಯೊಳಗೆ ನಿಲ್ಲುತ್ತದೆ. ಆದರೆ ಎಎಸಿ ನೀರು ಕುಡಿಯುತ್ತದೆ, ನೀರು ಕುಡಿದ ಬ್ಲಾಕು ಬಿಸಿ ತಡೆಯುವುದಿಲ್ಲ. ಹಾಗಾಗಿ ಅಲ್ಲಿ ವಾಟರ್‌ಪ್ರೂಫಿಂಗ್ ಬ್ಲಾಕಿನ ಮೇಲೂ ಬರಬೇಕು. ಬಿಳಿ ಥರ್ಮಾಕೋಲ್ ವಿಷಯದಲ್ಲೂ ಇದೇ ಎಚ್ಚರಿಕೆ. ಎಕ್ಸ್‌ಪಿಎಸ್ ನೀರು ಹೀರುವುದು ತೀರ ಕಡಿಮೆ, ಆದ್ದರಿಂದ ಅದನ್ನು ವಾಟರ್‌ಪ್ರೂಫಿಂಗಿನ ಮೇಲೆ ಇಡಬಹುದು, ಕೆಳಗಿನ ಪದರಕ್ಕೂ ಬಿಸಿಲಿನಿಂದ ರಕ್ಷಣೆ ಸಿಗುತ್ತದೆ.

ಗೌಂಡಿಗಳನ್ನು ಒಪ್ಪಿಸುವುದು ಬೇರೆಯೇ ಕೆಲಸ. ನನ್ನ ಜೊತೆ ಬಹಳ ಕಾಲದಿಂದ ಇರುವ ಹಿರಿಯ ಗೌಂಡಿಯೊಬ್ಬರಿದ್ದಾರೆ, ಎಲ್ಲರೂ ಕಾಕಾ ಅನ್ನುತ್ತೇವೆ. ಹಲಗೆಗಳನ್ನು ಲಾರಿಯಿಂದ ಇಳಿಸುವಾಗ ಒಂದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ‘ಸಾಹೇಬ್ರ, ಇಷ್ಟ್ ಹಗೂರ ಸಾಮಾನಿನ ಮ್ಯಾಲ ಕಾಂಕ್ರೀಟ್ ಹಾಕಿದ್ರ ನಾಳೆ ಮಂದಿ ಅಡ್ಡಾಡಿದ್ರ ಕುಸಿಯೂದಿಲ್ಲೇನ್ರಿ?’ ಎಂದರು. ಆ ಪ್ರಶ್ನೆ ನ್ಯಾಯವಾದದ್ದೇ. ನಾನು ಸ್ಲ್ಯಾಬಿನ ಮೇಲೆ ಒಂದು ಹಲಗೆ ಇಟ್ಟು, ಅದರ ಮೇಲೆ ಸಿಮೆಂಟ್ ಚೀಲಗಳನ್ನು ಪೇರಿಸಿ, ರಾತ್ರಿಯಿಡೀ ಬಿಡಿ ಕಾಕಾ ಎಂದೆ. ಬೆಳಿಗ್ಗೆ ಅವರೇ ಚೀಲ ಸರಿಸಿ, ಹಲಗೆಯ ಮೇಲೆ ಅಂಗೈ ಆಡಿಸಿ, ಪಟ್ಟಿ ಇಟ್ಟು ನೋಡಿದರು. ತಗ್ಗು ಬಿದ್ದಿರಲಿಲ್ಲ. ‘ಹೂಂ, ನಡೀತದ ಬಿಡ್ರಿ’ ಎಂದರು. ಈಗ ಹೊಸ ಹುಡುಗರಿಗೆ ಸಂದಿ ತಪ್ಪಿಸಿ ಇಡುವುದನ್ನು ಅವರೇ ಕಲಿಸುತ್ತಾರೆ, ನನಗಿಂತ ಚೆನ್ನಾಗಿ ಕಲಿಸುತ್ತಾರೆ.

ಇಲ್ಲಿ ಕಟ್ಟುವವರು ಗಮನಿಸಬೇಕಾದ ಒಂದು ವಿಷಯ: ಸೋಲಾರ್ ಹೀಟರಿನ ಸ್ಟ್ಯಾಂಡು, ನೀರಿನ ಟ್ಯಾಂಕಿನ ಕಟ್ಟೆ, ಮುಂದೆ ಬರಬಹುದಾದ ಸೌರ ಫಲಕಗಳ ಕಾಲುಗಳು, ಇವೆಲ್ಲದಕ್ಕೂ ಪೀಠಗಳನ್ನು ಸ್ಲ್ಯಾಬಿನಿಂದಲೇ ಎಬ್ಬಿಸಿ, ಹಲಗೆ ಹಾಸುವ ಮೊದಲೇ ಮುಗಿಸಬೇಕು. ಇಲ್ಲದಿದ್ದರೆ ಹೀಟರ್ ಕೂಡಿಸಲು ಬರುವವರು ಡ್ರಿಲ್ ಹಿಡಿದು ಕಾಂಕ್ರೀಟು, ಹಲಗೆ, ವಾಟರ್‌ಪ್ರೂಫಿಂಗ್ ಎಲ್ಲವನ್ನೂ ಒಂದೇ ತೂತಿನಲ್ಲಿ ದಾಟುತ್ತಾರೆ. ನನ್ನ ಡ್ರಾಯಿಂಗಿನಲ್ಲಿ ಈಗ ಮಾಳಿಗೆಗೆ ಪ್ರತ್ಯೇಕ ಹಾಳೆ ಇರುತ್ತದೆ, ಪೀಠಗಳ ಜಾಗ ಅಳತೆ ಸಮೇತ.

ಮಾಲೀಕರ ಕಡೆಯಿಂದ ಬರುವ ಗಟ್ಟಿ ಆಕ್ಷೇಪ ಖರ್ಚಿನದಲ್ಲ. ‘ಸರ್, ನಾಲ್ಕೈದು ವರ್ಷಕ್ಕ ಮ್ಯಾಲ ಇನ್ನೊಂದು ಫ್ಲೋರ್ ಎಬ್ಬಸಾವ್ರು ನಾವು. ಆವಾಗ ಇದೆಲ್ಲಾ ಒಡದು ತೆಗೀಬೇಕಲ್ರಿ?’ ಇದು ನಮ್ಮ ಊರಿನ ಅರ್ಧಕ್ಕರ್ಧ ಮನೆಗಳ ಕಥೆ, ಕಾಲಮ್ಮಿನ ಕಬ್ಬಿಣ ಮೇಲೆ ಚಾಚಿಕೊಂಡು ನಿಂತಿರುತ್ತದೆ. ಅಂಥವರಿಗೆ ನಾನು ಹಲಗೆ ಹಾಸಿ ಮೇಲೆ ಕಾಂಕ್ರೀಟ್ ಹಾಕದೆ, ಬಿಡಿ ಸಿಮೆಂಟ್ ಟೈಲ್‌ಗಳನ್ನು ಜೋಡಿಸಿ ಕೂಡಿಸುತ್ತೇನೆ. ನಾಳೆ ಎತ್ತಿ ಮೇಲಿನ ಮಾಳಿಗೆಗೆ ಒಯ್ಯಬಹುದು. ಅದೂ ಆಗದಿದ್ದರೆ ಕೋಬಾದ ಮೇಲೆ ಬಿಳಿ ಬಣ್ಣ. ಯು-ಮೌಲ್ಯ ಅದರಿಂದ ಬದಲಾಗುವುದಿಲ್ಲ, ಆದರೆ ಸ್ಲ್ಯಾಬು ಕುಡಿಯುವ ಬಿಸಿಲೇ ಕಡಿಮೆಯಾಗುತ್ತದೆ. ಪ್ರತಿ ಬೇಸಿಗೆಗೆ ಮುಂಚೆ ಧೂಳು ತೊಳೆದು, ಮಾಸಿದ ಕಡೆ ಮತ್ತೆ ಬಳಿಯಬೇಕು.

ಇನ್ನೊಂದು ಮಾತು ಪದೇ ಪದೇ ಕೇಳುತ್ತೇನೆ: ‘ಕರೆಂಟ್ ಫ್ರೀ ಐತಲ್ರಿ, ಎಸಿ ಹಾಕಿದ್ರಾತು.’ ಗೃಹಜ್ಯೋತಿ 2023ರಲ್ಲಿ ಬಂದ ಮೇಲೆ ಶುರುವಾದ ಮಾತು ಇದು. ಹೊಸ ಮನೆಗೆ ಹಿಂದಿನ ಬಳಕೆಯ ಲೆಕ್ಕ ಇರುವುದಿಲ್ಲ. ಆದ್ದರಿಂದ ರಾಜ್ಯದ ಸರಾಸರಿ 53 ಯೂನಿಟ್, ಅದರ ಮೇಲೆ ಶೇ. 10 ಸೇರಿಸಿ ಉಚಿತದ ಪ್ರಮಾಣ ನಿಗದಿಯಾಗುತ್ತದೆ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ತಾವೇ ಕಟ್ಟಬೇಕು. ಒಂದೂವರೆ ಟನ್ನಿನ ಎಸಿ ಕಾದ ಸ್ಲ್ಯಾಬಿನ ಕೆಳಗೆ ರಾತ್ರಿಯಿಡೀ ಓಡಿದರೆ ಎಂಟು-ಹತ್ತು ಯೂನಿಟ್ ಸಲೀಸಾಗಿ ಹೋಗುತ್ತದೆ. ತಿಂಗಳಿಗೆ ಗುಣಿಸಿ ನೋಡಿ ಎಂದು ಕಾಗದ ಮುಂದಿಡುತ್ತೇನೆ. ಹೊರಗೆ ಪುಕ್ಕಟೆ ತಂಪು ಗಾಳಿ ಬೀಸುವ ಊರಲ್ಲಿ ಮಾಳಿಗೆ ಸರಿಯಿದ್ದು, ಕಿಟಕಿ ಸರಿಯಾಗಿ ತೆರೆದರೆ, ಬಹುಪಾಲು ಮನೆಗಳಿಗೆ ಒಂದು ಒಳ್ಳೆಯ ಫ್ಯಾನು ಸಾಕು. ಖರ್ಚಿನ ವಿಷಯ ಬಂದರೆ, ಮಾಳಿಗೆಯ ಈ ಪದರಗಳಿಗೆ ಹೋಗುವುದು ಅದೇ ಮನೆಯ ಮಾಡ್ಯುಲರ್ ಕಿಚನ್ನಿಗೆ ಹೋಗುವುದಕ್ಕಿಂತ ಕಡಿಮೆ. ಗೋಕುಲ ರಸ್ತೆಯ ಆ ಯಜಮಾನರು ಎಸಿ ಬಿಟ್ಟು ಮಾಳಿಗೆ ಮಾಡಿಸಿದರು. ಮರುವರ್ಷದ ಬೇಸಿಗೆಯಲ್ಲಿ ಮತ್ತೆ ಅಳೆದಾಗ ಸ್ಲ್ಯಾಬಿನ ಕೆಳಮೈಗೂ ಒಳಗಿನ ಗಾಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಕಿಟಕಿ ಅಂದೆ. ಸಂಹಿತೆಯಲ್ಲಿ ನನಗೆ ತುಂಬ ಹಿಡಿಸಿದ ಇನ್ನೊಂದು ಭಾಗ ಅದು. ನೆಲದ ವಿಸ್ತೀರ್ಣಕ್ಕೆ ತೆರೆಯುವ ಕಿಟಕಿ-ಬಾಗಿಲಿನ ಪ್ರಮಾಣ ಇಷ್ಟಿರಬೇಕು ಎಂದು ಹವಾಮಾನ ವಲಯದ ಪ್ರಕಾರ ಹೇಳಿದೆ: ಬಿಸಿ-ಒಣ ವಲಯಕ್ಕೆ ಶೇ. 10, ಸಮಶೀತೋಷ್ಣಕ್ಕೆ 12.5, ಬಿಸಿ-ಆರ್ದ್ರಕ್ಕೆ 16.66. ನಾನು ಎಲ್ಲಕ್ಕಿಂತ ಬಿಗಿಯಾದ 16.66 ಹಿಡಿದೇ ಪ್ಲಾನ್ ಮಾಡುತ್ತೇನೆ. ಮುಖ್ಯವಾದದ್ದು ‘ತೆರೆಯುವ’ ಎಂಬ ಷರತ್ತು. ಎರಡು ಪಟ್ಟಿಯ ಸ್ಲೈಡಿಂಗ್ ಕಿಟಕಿಯಲ್ಲಿ ಗಾಳಿ ಬರುವುದು ಅರ್ಧ ಭಾಗದಿಂದ ಮಾತ್ರ, ಸಂಹಿತೆಯೂ ಅದನ್ನು ಶೇ. 50 ಅಂತಲೇ ಎಣಿಸುತ್ತದೆ. ಹಳೆಯ ಕಾಲದ ಬಾಗಿಲ ಹಾಗೆ ತೆರೆಯುವ ಕಿಟಕಿಗೆ ಶೇ. 90. ಹುಬ್ಬಳ್ಳಿಯಲ್ಲಿ ಈಗ ಎಲ್ಲೆಲ್ಲೂ ಯುಪಿವಿಸಿ ಸ್ಲೈಡಿಂಗ್. ನೋಡಲು ಕಿಟಕಿ ದೊಡ್ಡದು, ಗಾಳಿಗೆ ಅರ್ಧ. ಬೆಡ್‌ರೂಮುಗಳಿಗಾದರೂ ತೆರೆಯುವ ಪಟ ಹಾಕಿಸಿ ಎಂದು ನಾನು ಜಗಳವಾಡುವಷ್ಟು ಹೇಳುತ್ತೇನೆ.

ಗೋಡೆಯ ಲೆಕ್ಕ ಸ್ವಲ್ಪ ಉದ್ದದ್ದು. 500 ಚದರ ಮೀಟರಿಗೂ ದೊಡ್ಡ ನಿವೇಶನದ ಒಂದು ಅಪಾರ್ಟ್‌ಮೆಂಟಿಗೆ ಅದನ್ನು ಪೂರ್ತಿ ಮಾಡಿದ್ದೇನೆ. ಗೋಡೆ, ಕಿಟಕಿ ಎಲ್ಲ ಸೇರಿ ಹೊರಮೈಯಿಂದ ಬರುವ ಬಿಸಿಗೆ ಆರ್‌ಇಟಿವಿ ಎಂಬ ಒಂದೇ ಸಂಖ್ಯೆ, ಚದರ ಮೀಟರಿಗೆ 15 ವ್ಯಾಟ್ ಮೀರಬಾರದು. ಎಂಟಿಂಚಿನ ಗಟ್ಟಿ ಸಿಮೆಂಟ್ ಬ್ಲಾಕಿನ ಗೋಡೆ ಹಿಡಿದಾಗ 20ರ ಸುಮಾರಿಗೆ ಬಂತು. ಒಂಬತ್ತಿಂಚಿನ ಸುಟ್ಟ ಇಟ್ಟಂಗಿಗೆ 17. ಇಟ್ಟಂಗಿಯೇ ಇಟ್ಟುಕೊಂಡು ಪಶ್ಚಿಮ-ಪೂರ್ವದ ಕಿಟಕಿಗಳಿಗೆ ಆಳದ ಸಜ್ಜಾ ಮತ್ತು ಬದಿಯ ರೆಕ್ಕೆಗಳನ್ನು ಕೊಟ್ಟಾಗ 15ರ ಗಡಿಗೆ ಬಂದು ನಿಂತಿತು. ಎಎಸಿ ಬ್ಲಾಕಿಗೆ 11 ಚಿಲ್ಲರೆ. ಕಿಟಕಿಗೆ ನೆರಳು ಕೊಟ್ಟರೆ ಯಾಕೆ ಇಳಿಯಿತು ಎಂಬುದು ಸಂಹಿತೆಯ ದಿಕ್ಕಿನ ಗುಣಕಗಳನ್ನು ನೋಡಿದರೆ ತಿಳಿಯುತ್ತದೆ: ನಮ್ಮ ಅಕ್ಷಾಂಶಕ್ಕೆ ಉತ್ತರಕ್ಕೆ 0.659, ಪಶ್ಚಿಮಕ್ಕೆ 1.156. ಅದೇ ಗಾಜಿನ ಕಿಟಕಿ ಉತ್ತರದಿಂದ ಪಶ್ಚಿಮಕ್ಕೆ ಸರಿದರೆ ಬಿಸಿ ಮುಕ್ಕಾಲು ಪಾಲು ಹೆಚ್ಚು. ಬಿಲ್ಡರ್ ಎಎಸಿ ಆರಿಸಿಕೊಂಡರು, ತೂಕ ಇಳಿದು ಎರಿ ಮಣ್ಣಿನಲ್ಲಿ ಪಾಯದ ಖರ್ಚೂ ತಗ್ಗಿತು ಎಂಬುದು ಅವರಿಗೆ ಹೆಚ್ಚು ಒಪ್ಪಿಗೆಯಾದ ಕಾರಣ.

ಆದರೆ ಈ ಲೆಕ್ಕವನ್ನು ಮೂವತ್ತು-ನಲವತ್ತರ ಮನೆಗೆ ಕಡ್ಡಾಯ ಮಾಡಿ ಎಂದು ನಾನು ಹೇಳುವುದಿಲ್ಲ. ಅಲ್ಲಿ ಸೆಟ್‌ಬ್ಯಾಕ್ (ಗೋಡೆಗೂ ಗಡಿಗೂ ನಡುವೆ ಬಿಡುವ ಜಾಗ) ಮೂರಡಿ, ಪಕ್ಕದ ಮನೆಯ ನೆರಳು ಗೋಡೆಗೆ ಹೇಗೂ ಇರುತ್ತದೆ. ಲೆಕ್ಕ ಕಡ್ಡಾಯವಾದರೆ ಒಂದು ಹಾಳೆ ಎಲ್ಲರ ಫೈಲಿಗೂ ನಕಲಾಗಿ ಸೇರುತ್ತದೆ, ಗೋಡೆ ಮಾತ್ರ ಮೊದಲಿನದೇ ಇರುತ್ತದೆ. ನಮ್ಮ ಕಾರ್ಪೊರೇಷನ್ನುಗಳಲ್ಲಿ ಇದನ್ನು ಪರಿಶೀಲಿಸುವಷ್ಟು ಜನವೂ ಇಲ್ಲ. ಸಣ್ಣ ಮನೆಗೆ ಕಾನೂನು ಮಾಳಿಗೆಯೊಂದನ್ನೇ ಹಿಡಿಯಲಿ, ಅದೂ ಗೌಂಡಿಗೆ ತಿಳಿಯುವ ಮಾತಿನಲ್ಲಿ: 25 ಮಿಲಿಮೀಟರ್ ಎಕ್ಸ್‌ಪಿಎಸ್, ಇಲ್ಲವೇ ನಾಲ್ಕಿಂಚು ಎಎಸಿ, ಇಲ್ಲವೇ ಇದಕ್ಕೆ ಸಮನಾದದ್ದು, ಮೇಲ್ಮೈ ಬಿಳಿ. ಕರಡು ನಿಯಮಗಳಿಗೆ ಸಾರ್ವಜನಿಕರ ಆಕ್ಷೇಪಣೆ, ಸಲಹೆ ಕರೆದಾಗಲೆಲ್ಲ ನಾನು ಮತ್ತು ಊರಿನ ಕೆಲವು ಇಂಜಿನಿಯರ್ ಗೆಳೆಯರು ಕೂಡಿ ಇದನ್ನೇ ಬರೆದು ಕಳಿಸುತ್ತ ಬಂದಿದ್ದೇವೆ. ಸಲಹೆಯ ಜೊತೆಗೆ ಪದರಗಳ ಚಿತ್ರ, ಯು-ಮೌಲ್ಯದ ಲೆಕ್ಕ, ಕಟ್ಟಿದ ಮನೆಗಳ ಫೋಟೋ ಇಡುತ್ತೇವೆ. ಬರೀ ಮಾತಿನ ಅರ್ಜಿಗಿಂತ ಅದನ್ನು ಅಧಿಕಾರಿಗಳು ಕುಳಿತು ಓದುತ್ತಾರೆ, ಇದು ನನ್ನ ಕಣ್ಣಾರೆ ಕಂಡದ್ದು.

ಕಡ್ಡಾಯ ಮಾಡಿದರೆ ಜನ ಸಿಟ್ಟಾಗುತ್ತಾರೆ ಅನ್ನುವವರಿಗೆ ನಮ್ಮ ರಾಜ್ಯದ್ದೇ ಉತ್ತರವಿದೆ. 2007ರಲ್ಲಿ ಕರ್ನಾಟಕ ಸರ್ಕಾರ ಸೋಲಾರ್ ವಾಟರ್ ಹೀಟರ್ ಕಡ್ಡಾಯದ ಆದೇಶ ತಂದಿತು. ಅದನ್ನು ವಿದ್ಯುತ್ ಸಂಪರ್ಕಕ್ಕೆ ಗಂಟು ಹಾಕಿದ್ದರಿಂದ, ಜೊತೆಗೆ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿಯವರೆಗೆ ಬಿಲ್ಲಿನಲ್ಲಿ ರಿಯಾಯಿತಿ ಕೊಟ್ಟಿದ್ದರಿಂದ, ಅದು ನಡೆಯಿತು. ಇವತ್ತು ಉಣಕಲ್ ಗುಡ್ಡದ ಮೇಲೆ ನಿಂತು ಊರನ್ನು ನೋಡಿದರೆ ಮಾಳಿಗೆ ಮಾಳಿಗೆಗೂ ಹೀಟರ್ ಕಾಣುತ್ತದೆ. ಯಾರೂ ಅದನ್ನು ಸರ್ಕಾರದ ಕಾಟ ಅನ್ನುವುದಿಲ್ಲ. ಪಕ್ಕದ ತೆಲಂಗಾಣ 2023ರಲ್ಲಿ ಕೂಲ್ ರೂಫ್ ನೀತಿ ತಂದು, ಸರ್ಕಾರಿ ಮತ್ತು ವಾಣಿಜ್ಯ ಕಟ್ಟಡಗಳಿಗೆ ತಂಪು ಮಾಳಿಗೆ ಕಡ್ಡಾಯ ಮಾಡಿದೆ, ಸಣ್ಣ ಮನೆಗಳಿಗೆ ಐಚ್ಛಿಕವಾಗಿ ಇಟ್ಟಿದೆ. ನಮ್ಮಲ್ಲಿ ಸಂಹಿತೆಯ ಹೊಣೆ ಹೊತ್ತ ಸಂಸ್ಥೆ ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆ ಕ್ರೆಡಲ್, ಪ್ಲಾನ್ ಮಂಜೂರಿ ಕಾರ್ಪೊರೇಷನ್ನಿನದು, ಲೇಔಟ್ ಹುಡಾದ್ದು (ನಗರಾಭಿವೃದ್ಧಿ ಪ್ರಾಧಿಕಾರದ್ದು), ಸಂಪರ್ಕ ಹೆಸ್ಕಾಂನದು. ನಾಲ್ಕೂ ಕಡೆ ಒಂದೇ ಹಾಳೆ ಓಡುವಂತೆ ಮಾಡುವುದು ರಾಜ್ಯ ಸರ್ಕಾರದ ಆದೇಶದಿಂದ ಮಾತ್ರ ಸಾಧ್ಯ.

ನಾವು ಕಳಿಸಿದ ಸಲಹೆಯಲ್ಲಿ ಇನ್ನೆರಡು ಅಂಶಗಳಿವೆ. ಎಫ್‌ಎಆರ್ (ನಿವೇಶನದ ಅಳತೆಗೆ ಎಷ್ಟು ಕಟ್ಟಬಹುದು ಎಂಬ ಮಿತಿ) ಲೆಕ್ಕವನ್ನು ಗೋಡೆಯ ಹೊರಮೈಯಿಂದ ಹಿಡಿಯುವುದರಿಂದ, ಗೋಡೆಗೆ ಬಿಸಿ ತಡೆಯುವ ಪದರ ಹಾಕಿದವರು ಒಳಗಿನ ಜಾಗ ಕಳೆದುಕೊಳ್ಳುತ್ತಾರೆ. ಆ ಪದರದ ದಪ್ಪವನ್ನು ಲೆಕ್ಕದಿಂದ ಬಿಡಬೇಕು. ಹಾಗೆಯೇ ಪಶ್ಚಿಮದ ಕಿಟಕಿಗೆ ಆಳದ ಸಜ್ಜಾ ಕೊಟ್ಟರೆ ಅದು ಸೆಟ್‌ಬ್ಯಾಕ್ ಉಲ್ಲಂಘನೆ ಎಂದು ಆಕ್ಷೇಪ ಬರಬಾರದು. ಒಂದು ಕಾನೂನು ನೆರಳು ಕೊಡಿ ಅಂದು, ಇನ್ನೊಂದು ಕಾನೂನು ನೆರಳು ಕೊಟ್ಟವನಿಗೆ ನೋಟಿಸ್ ಕೊಟ್ಟರೆ, ಮುಂದಿನ ಸಲ ಯಾವ ಮಾಲೀಕನೂ ನನ್ನ ಮಾತು ಕೇಳುವುದಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಸರ್ಕಾರಿ ಸಹಾಯಧನದಲ್ಲಿ ಕಟ್ಟುವ ಸಣ್ಣ ಮನೆಗಳು. ಗದಗ, ಹಾವೇರಿಯ ಹಳ್ಳಿಗಳಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಮೇಲೆ ಬರಿಯ ಸ್ಲ್ಯಾಬು ಅಥವಾ ಪತ್ರಾಸು (ತಗಡು). ಬಾಣಂತಿ, ಕೂಸು, ವಯಸ್ಸಾದವರು ಹಗಲಿಡೀ ಅದರ ಕೆಳಗೇ ಇರುತ್ತಾರೆ. ಎಸಿಯ ಮಾತು ಹಾಗಿರಲಿ, ಮಧ್ಯಾಹ್ನ ಕರೆಂಟು ಹೋದರೆ ಫ್ಯಾನೂ ಇಲ್ಲ. ಮೊದಲು ಕಡ್ಡಾಯವಾಗಬೇಕಾದದ್ದು ಇಲ್ಲಿ, ಯಾಕೆಂದರೆ ಇಲ್ಲಿ ಎಸ್ಟಿಮೇಟ್ ಬರೆಯುವುದು ಸರ್ಕಾರವೇ. ಎಸ್ಟಿಮೇಟಿನಲ್ಲಿ ಮಾಳಿಗೆಯ ಪದರಕ್ಕೆ ಒಂದು ಸಾಲು ಸೇರಿಸಿ, ಅಷ್ಟು ಹಣವನ್ನು ಸಹಾಯಧನಕ್ಕೆ ಕೂಡಿಸಿದರೆ, ಬೇರೆ ಯಾವ ತಿದ್ದುಪಡಿಗೂ ಕಾಯಬೇಕಾಗಿಲ್ಲ. ಹಾವೇರಿ ಕಡೆಯ ಒಂದು ಹಳ್ಳಿಯಲ್ಲಿ ಪರಿಚಯದವರ ಇಂಥ ಮನೆಗೆ ಸುಣ್ಣಕ್ಕೆ ಅಂಟು ಬೆರೆಸಿ ಮಾಳಿಗೆಗೆ ದಪ್ಪಗೆ ಬಳಿಸಿದೆವು. ಆ ಮನೆಯ ಅವ್ವ ಸಂಜೆ ಫೋನ್ ಮಾಡಿ, ‘ತಮ್ಮಾ, ಇವತ್ತ ಕೂಸು ಮಧ್ಯಾಹ್ನ ಮಲಗೈತಿ ನೋಡು’ ಎಂದರು.

ಪರಿಶೀಲನೆಯ ಬಗ್ಗೆ ನನ್ನ ಸಲಹೆ ಹೀಗಿದೆ. ಮಾಳಿಗೆಯ ಪದರ ಒಮ್ಮೆ ಕಾಂಕ್ರೀಟಿನ ಕೆಳಗೆ ಹೋದರೆ ಯಾರಿಗೂ ಕಾಣುವುದಿಲ್ಲ, ಮನೆ ಮುಗಿದ ಮೇಲೆ ಬರುವ ಅಧಿಕಾರಿ ಏನನ್ನೂ ನೋಡಲಾರರು. ಸ್ವಾಧೀನ ಪ್ರಮಾಣಪತ್ರವಿಲ್ಲದೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿದ ಮೇಲೆ ಆ ಕಾಗದದ ತೂಕ ಹೆಚ್ಚಿತು. ಅದಕ್ಕೆ ಕೊಡುವ ಅರ್ಜಿಯಲ್ಲಿ ಮೂರು ಫೋಟೋ ಕೇಳಲಿ: ನೀರು ಕಟ್ಟಿದ್ದು, ಹಲಗೆ ಅಥವಾ ಬ್ಲಾಕು ಹಾಸಿದ್ದು, ಮುಗಿದ ಬಿಳಿ ಮೈ. ತಾರೀಖು, ಜಾಗದ ಗುರುತು ಫೋಟೋದಲ್ಲೇ ಇರಲಿ, ಸಹಿ ಹಾಕಿದ ಇಂಜಿನಿಯರ್ ಅದಕ್ಕೆ ಹೊಣೆಯಾಗಲಿ. ನನ್ನ ಪ್ರತಿ ಮನೆಯ ಫೈಲಿನಲ್ಲಿ ಈಗಾಗಲೇ ಆ ಫೋಟೋಗಳನ್ನು ಇಡುತ್ತಿದ್ದೇನೆ, ಒಂದು ಪ್ರತಿ ಮಾಲೀಕರಿಗೂ ಕೊಡುತ್ತೇನೆ. ಮಾಳಿಗೆ ಹಾಳೆಯ ಡ್ರಾಯಿಂಗ್ ಬೇಕೆಂದು ಕೇಳಿದ ಇಂಜಿನಿಯರುಗಳಿಗೆಲ್ಲ ಕಳಿಸಿದ್ದೇನೆ. ಗದಗದ ಒಬ್ಬ ಗೆಳೆಯ ಅದರಲ್ಲಿ ಹಲಗೆಯ ದಪ್ಪವನ್ನು ತನ್ನ ಕಡೆಯ ಬಿಸಿಲಿಗೆ ತಕ್ಕಂತೆ 40 ಮಿಲಿಮೀಟರಿಗೆ ಏರಿಸಿ ಬಳಸುತ್ತಿದ್ದಾನೆ.